ಕಿವಿಗೆ ಬಂದ ಪ್ರಸಾದ: ಶೀಲಾ ಚಂದ್ರಾ ಅವರ ಧ್ವನಿಮುದ್ರಿಕೆಯೊಂದನ್ನು ಕೇಳಿದ ಮೇಲೆ





ಕಳೆದ ಶ್ರಾವಣದ ವಚನ ಚಿಂತನಗೋಷ್ಠಿ ಮುಗಿದು ದಾಸೋಹಕ್ಕೆ ಎಲ್ಲರೂ ಏಳುತ್ತಿದ್ದಾಗ, ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಠದ ಭಕ್ತರ ಮಗನೊಬ್ಬನು ಒಂದು ಸಿ.ಡಿ.ಯನ್ನು ಕೈಯಲ್ಲಿ ಹಿಡಿದು ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. "ಇದರ ಕೊನೆಯ ಹಾಡಿನಲ್ಲಿ ಶಿವನಾಮವಿದೆ. ಮುಂಜಾನೆ ಇಷ್ಟಲಿಂಗ ಪೂಜೆಗೆ ಕೂತಾಗ ಇದನ್ನು ಹಾಕಿಕೊಳ್ಳುತ್ತೇನೆ. ಮನಸ್ಸು ಬೇಗ ನಿಲ್ಲುತ್ತದೆ. ತಪ್ಪೇ?" ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಲ್ಲಿಯೇ ಹಾಕಿಸಿ ಕೇಳಿದರು. ಮೊದಲ ಹಾಡು ಅರ್ಧ ನಿಮಿಷ ಸಾಗುವಷ್ಟರಲ್ಲಿ, "ಇದೇನಪ್ಪಾ, ಹಾಡೂ ಅಲ್ಲ, ಮಾತೂ ಅಲ್ಲ, ನಾಲಿಗೆಯ ಕಸರತ್ತು" ಎಂದು ನಕ್ಕು ಎದ್ದುಹೋದರು. ಹುಡುಗನ ಮುಖ ಬಾಡಿತು. ಪ್ರಶ್ನೆ ಮಾತ್ರ ಉಳಿಯಿತು. ಆ ಮುದ್ರಿಕೆಯನ್ನು ನಾನು ಕೇಳಿ ಇರಿಸಿಕೊಂಡೆ. ಮೂರು ತಿಂಗಳಿಂದ ಬಿಡುವಾದಾಗಲೆಲ್ಲ ಕೇಳಿದ್ದೇನೆ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ತಮ್ಮೆಲ್ಲರ ಮುಂದೆ ಇಡುವ ಪ್ರಯತ್ನವೇ ಈ ಬರಹ.

ಮುದ್ರಿಕೆಯ ಹೆಸರು 'ವೀವಿಂಗ್ ಮೈ ಆನ್ಸೆಸ್ಟರ್ಸ್ ವಾಯ್ಸಸ್'. ಕನ್ನಡದಲ್ಲಿ ಹೇಳುವುದಾದರೆ, ನನ್ನ ಪೂರ್ವಜರ ದನಿಗಳನ್ನು ನೇಯುತ್ತ. ಪೀಟರ್ ಗೇಬ್ರಿಯಲ್ ಎಂಬ ಗಾಯಕರು ಸ್ಥಾಪಿಸಿದ ರಿಯಲ್ ವರ್ಲ್ಡ್ ಸಂಸ್ಥೆಯು ಇದನ್ನು 1992ರಲ್ಲಿ ಹೊರತಂದಿತು. ಹಾಡಿದವರು ಶೀಲಾ ಚಂದ್ರಾ. ಭಾರತೀಯ ಮೂಲದ ಮನೆತನದಲ್ಲಿ 1965ರಲ್ಲಿ ಲಂಡನ್ನಿನಲ್ಲಿ ಜನಿಸಿದವರು. ಬಾಲ್ಯದಲ್ಲಿ ಅಲ್ಲಿನ ದೂರದರ್ಶನ ಧಾರಾವಾಹಿಯಲ್ಲಿ ನಟಿಸಿದರು. 1982ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, 'ಮಾನ್ಸೂನ್' ಎಂಬ ತಂಡದೊಡನೆ ಹಾಡಿದ 'ಎವರ್ ಸೋ ಲೋನ್ಲಿ' ಎಂಬ ಗೀತೆಯಿಂದ ಬ್ರಿಟನ್ನಿನ ಮನೆಮನೆಗೂ ಪರಿಚಿತರಾದರು. ಆ ಜನಪ್ರಿಯತೆಯ ದಾರಿಯಲ್ಲಿಯೇ ಮುಂದುವರಿದಿದ್ದರೆ ನಾವು ಇಂದು ಅವರ ಬಗ್ಗೆ ಮಾತನಾಡುತ್ತಿರಲಿಲ್ಲ. 1984ರಲ್ಲಿ ಅವರು 'ಕ್ವಾಯಟ್' ಎಂಬ ಮುದ್ರಿಕೆಯಲ್ಲಿ ಸಾಹಿತ್ಯವನ್ನೇ ಕೈಬಿಟ್ಟು ದನಿಯನ್ನು ವಾದ್ಯದಂತೆ ಬಳಸಿದರು. ಅಲ್ಲಿಂದ ಎಂಟು ವರ್ಷಗಳ ಬಳಿಕ ಬಂದದ್ದು ಈ ಮುದ್ರಿಕೆ. ಇಲ್ಲಿ ತಬಲೆಯಿಲ್ಲ, ಗಿಟಾರಿಲ್ಲ, ಮೇಳವಿಲ್ಲ. ಇರುವುದು ಒಂದು ಹೆಣ್ಣುದನಿ. ಅದರ ಹಿಂದೆ, ಬೇಕಾದ ಕಡೆ, ಒಂದು ಶ್ರುತಿ. ಬಹುಮಟ್ಟಿಗೆ ಅಷ್ಟೇ. ಹತ್ತು ವರ್ಷಗಳ ಹಿಂದೆ ತಮಗೆ ಹೆಸರು ತಂದ ಗೀತೆಯನ್ನೇ ಅವರು ಇಲ್ಲಿ ಮತ್ತೆ ಎತ್ತಿಕೊಂಡು, ಅದರ ಆಡಂಬರವನ್ನೆಲ್ಲ ಕಳಚಿ, ಶ್ರುತಿಯ ಮುಂದೆ ಒಂಟಿಯಾಗಿ ನಿಲ್ಲಿಸಿದ್ದಾರೆ. ಈ ಒಂದು ನಡೆಯನ್ನು ಕಂಡಾಗಲೇ ನನಗೆ ಈ ಗಾಯಕಿಯ ಬಗ್ಗೆ ಗೌರವ ಹುಟ್ಟಿತು.

ಹಿರಿಯರಿಗೆ ನಗು ತರಿಸಿದ ಮೊದಲ ಹಾಡಿನ ವಿಷಯಕ್ಕೆ ಬರೋಣ. ಅದರ ಹೆಸರು 'ಸ್ಪೀಕಿಂಗ್ ಇನ್ ಟಂಗ್ಸ್'. ಅದೇ ಹೆಸರಿನ ಎರಡನೆಯ ಭಾಗವೂ ಇದೇ ಮುದ್ರಿಕೆಯಲ್ಲಿದೆ. ಮೂರು ಮತ್ತು ನಾಲ್ಕನೆಯ ಭಾಗಗಳು 1994ರ 'ದ ಝೆನ್ ಕಿಸ್' ಎಂಬ ಮುಂದಿನ ಮುದ್ರಿಕೆಯಲ್ಲಿವೆ. ಇದರ ತಾಯಿಬೇರು ನಮ್ಮ ದಕ್ಷಿಣದ ಕೊನ್ನಕ್ಕೋಲು. ಮೃದಂಗದ ಪಾಠ ಎಲ್ಲಿ ನಡೆದರೂ ಶಿಷ್ಯನ ಕೈ ಚರ್ಮವನ್ನು ಮುಟ್ಟುವ ಮುನ್ನ ಬಾಯಿ ಪಾಠಾಕ್ಷರವನ್ನು ನುಡಿಯಬೇಕು: ತಕಧಿಮಿ, ತಕಜುಣು, ತದಿಗಿಣತೊಂ. ಬಾಯಿ ಒಪ್ಪಿದ ಮೇಲೆ ಬೆರಳು. ಈ ಅಕ್ಷರಗಳಿಗೆ ನಿಘಂಟಿನಲ್ಲಿ ಅರ್ಥವಿಲ್ಲ; ಆದರೆ ಅವುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ, ಕುಳಿತವರೆಲ್ಲರಿಗೂ ಅದು ತಿಳಿಯುತ್ತದೆ. ಅರ್ಥವಿಲ್ಲದಿದ್ದರೂ ಅಲ್ಲಿ ಸುಳ್ಳು ನಡೆಯುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಈ ವಿದ್ಯೆಯನ್ನು ಯುರೋಪಿನವರೆಗೆ ಕೊಂಡೊಯ್ದದ್ದನ್ನು, ಟಿ.ಎ.ಎಸ್. ಮಣಿ ಹಾಗೂ ಆರ್.ಎ. ರಮಾಮಣಿ ಅವರು ಚಾರ್ಲಿ ಮರಿಯಾನೋ ಎಂಬ ಅಮೆರಿಕದ ವಾದಕರೊಡನೆ 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆಯನ್ನು ತಂದದ್ದನ್ನು ಸಂಗೀತಪ್ರಿಯರಾದ ಭಕ್ತರು ಬಲ್ಲರು. ಶೀಲಾ ಚಂದ್ರಾ ಅವರು ಮಾಡಿದ್ದು ಬೇರೆ. ಮೃದಂಗವನ್ನೇ ದೂರವಿಟ್ಟು, ಆ ಅಕ್ಷರಗಳ ಮಳೆಯನ್ನು ತುಟಿ, ಹಲ್ಲು, ಉಸಿರುಗಳ ಕ್ರೀಡೆಯಾಗಿ ಮಾರ್ಪಡಿಸಿದರು. ಲೆಕ್ಕದ ಕಟ್ಟುನಿಟ್ಟನ್ನು ಬಯಸುವ ವಿದ್ವಾಂಸರಿಗೆ ಇದು ಹಗುರವೆನಿಸಬಹುದು. ನನಗೂ ಎರಡನೆಯ ಭಾಗ ಸ್ವಲ್ಪ ಪ್ರದರ್ಶನದ ಕಡೆಗೆ ವಾಲಿದಂತೆ ಕಂಡಿತು.

ಆದರೆ "ಮಾತೂ ಅಲ್ಲ, ಹಾಡೂ ಅಲ್ಲ" ಎಂದು ನಗುವ ಮುನ್ನ ನಾವು ಒಂದು ಸಂಗತಿಯನ್ನು ನೆನೆಯಬೇಕು. ಅನುಭವಮಂಟಪದ ಶೂನ್ಯಸಿಂಹಾಸನವನ್ನು ಏರಿದ ಮಹಾಮಹಿಮರು ಮೊದಲು ಯಾರಾಗಿದ್ದರು? ಹರಿಹರನ ಪ್ರಭುದೇವರ ರಗಳೆಯಲ್ಲಿಯೂ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಅಲ್ಲಮರು ಮದ್ದಳೆಯ ವಾದಕರು. ಮದ್ದಳೆಯನ್ನು ಕಲಿತವರ ನಾಲಿಗೆಯ ಮೇಲೆ ಮೊದಲು ಕುಣಿದದ್ದು ಇಂತಹ ಅರ್ಥವಿಲ್ಲದ ಅಕ್ಷರಗಳೇ ಆಗಿರಬೇಕಷ್ಟೆ. ಪ್ರಭುದೇವರ ಬೆಡಗಿನ ವಚನಗಳನ್ನು ಓದುವಾಗ, ಶಬ್ದವು ಅರ್ಥವನ್ನು ಹೊರುವ ಮೊದಲು ಒಂದು ಬಡಿತವಾಗಿ ಎದೆಗೆ ತಗಲುವುದನ್ನು ನಾನು ಅನೇಕ ಬಾರಿ ಅನುಭವಿಸಿದ್ದೇನೆ. ಅದಕ್ಕೂ ಅವರ ಮದ್ದಳೆಗೂ ನಂಟಿದೆಯೆಂದು ಸಾಧಿಸಲು ನನ್ನಲ್ಲಿ ಆಧಾರವಿಲ್ಲ; ಇದು ಓದುಗನೊಬ್ಬನ ಊಹೆ ಮಾತ್ರ.

ಇನ್ನು ಹೆಸರಿನಲ್ಲಿರುವ 'ನೇಯ್ಗೆ' ಹಾಗೂ 'ಪೂರ್ವಜರು' ಎಂಬ ಮಾತುಗಳು. ನೇಯ್ಗೆಯೆಂದೊಡನೆ ನಮಗೆ ಆದ್ಯವಚನಕಾರರಲ್ಲಿ ಒಬ್ಬರಾದ ಜೇಡರ ದಾಸಿಮಯ್ಯನವರು ನೆನಪಾಗದೆ ಇರುವುದಿಲ್ಲ. ಮಗ್ಗದ ಮುಂದೆ ಕುಳಿತವನಿಗೆ ಹಾಸು ಮೊದಲು, ಹೊಕ್ಕು ಆಮೇಲೆ. ಹಾಸು ಬಿಗಿಯಾಗಿ ನಿಂತಿದ್ದರೆ ಯಾವ ಬಣ್ಣದ ನೂಲನ್ನಾದರೂ ಹೊಗಿಸಬಹುದು. ಈ ಮುದ್ರಿಕೆಯಲ್ಲಿ ಹಾಸಾಗಿ ನಿಂತದ್ದು ಶ್ರುತಿ. ಎರಡನೆಯ ಹಾಡಿನಲ್ಲಿ ಮೊದಲು ನಮ್ಮ ದೇಶದ ಆಲಾಪದ ರೀತಿಯ ಧ್ಯಾನ. ಅದು ಮುಗಿಯಿತೋ ಇಲ್ಲವೋ ಎಂಬಷ್ಟರಲ್ಲಿ 'ಡೊನಲ್ ಓಗ್' ಎಂಬ ಐರ್ಲೆಂಡಿನ ಹಳೆಯ ವಿರಹಗೀತೆ. ಬೇರೊಂದೆಡೆ ಸ್ಪೇನಿನ ಜೋಗುಳ. ನಮ್ಮಲ್ಲಿ ತಂಬೂರಿ ಮಾಡುವ ಕೆಲಸವನ್ನು ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಚೀಲಪುಂಗಿಯ ಒಂದು ಕೊಳವೆ ಮಾಡುತ್ತದೆ. ಎಡೆಬಿಡದೆ ಒಂದೇ ಸ್ವರವನ್ನು ಹಿಡಿದಿರುತ್ತದೆ. ಈ ಸಾಮ್ಯವನ್ನು ಕಂಡುಕೊಂಡ ಕಿವಿಗೆ ಒಂದು ದಡದಿಂದ ಇನ್ನೊಂದಕ್ಕೆ ಸೇತುವೆ ಕಟ್ಟುವ ಶ್ರಮವೇ ಬೀಳಲಿಲ್ಲ. ಶ್ರುತಿ ಬದಲಾಗುವುದಿಲ್ಲ, ಗಮಕ ಬದಲಾಗುತ್ತದೆ. ಕೇಳುವವನು ಅರಿಯದೆಯೇ ಆಚೆಯ ನಾಡಿನಲ್ಲಿರುತ್ತಾನೆ.

ಆ ಐರಿಷ್ ಗೀತೆಯ ಸಾರವನ್ನು ತಿಳಿದುಕೊಂಡಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಒಬ್ಬ ಹಳ್ಳಿಯ ಹೆಣ್ಣುಮಗಳು. ನಡೆಸಲಾಗದ ಭಾಷೆಗಳನ್ನು ಕೊಟ್ಟು ನಲ್ಲನು ಹೊರಟುಹೋಗಿದ್ದಾನೆ. ಅವನು ತನ್ನಿಂದ ದಿಕ್ಕುಗಳನ್ನೂ ಬೆಳಕನ್ನೂ ಕಸಿದನೆಂದು, ಕೊನೆಗೆ ದೇವರನ್ನೇ ಕಸಿದುಬಿಟ್ಟನೇನೋ ಎಂದು ಅವಳು ಭಯಪಡುತ್ತಾಳೆ. ಇದನ್ನು ಅಕ್ಕಮಹಾದೇವಿಯವರ ಪಕ್ಕದಲ್ಲಿಟ್ಟು ನೋಡಿರಿ. ಅಕ್ಕ ಲೋಕದ ಗಂಡನನ್ನು ತಾನೇ ತೊರೆದು ಹೊರಟವರು. ಮರ, ಹಕ್ಕಿ, ದುಂಬಿ ಎಲ್ಲವನ್ನೂ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದವರು. ಇವಳಿಗೆ ದಿಕ್ಕುಗಳೆಲ್ಲ ಮುಚ್ಚಿದವು, ಅವರಿಗೆ ತೆರೆದವು. ಆದರೂ ಹುಡುಕಾಟದ ದನಿಯಲ್ಲಿ ನಡುಗುವ ನೋವು ಎರಡು ಕಡೆಯೂ ಒಂದೇ ಜಾತಿಯದು. ಐರಿಷ್ ಹೆಣ್ಣಿನ ಅಳಲನ್ನು ಭಾರತೀಯ ಆಲಾಪದ ಬೆನ್ನಿಗೇ ನಿಲ್ಲಿಸಿದ ಗಾಯಕಿಗೆ ಅಕ್ಕನ ಪರಿಚಯವಿತ್ತೋ ಇಲ್ಲವೋ, ಅಕ್ಕನನ್ನು ಓದಿದ ನಮ್ಮ ಕಿವಿಗೆ ಆ ಎರಡರ ನಡುವೆ ಅವರ ನೆರಳು ಸುಳಿಯುತ್ತದೆ.

ಐರ್ಲೆಂಡಿನವರೂ ಸ್ಪೇನಿನವರೂ ಶೀಲಾ ಚಂದ್ರಾ ಅವರ ಪೂರ್ವಜರು ಹೇಗಾದರು? ಗೋಷ್ಠಿಯಲ್ಲಿ ಈ ಪ್ರಶ್ನೆಯನ್ನು ಒಬ್ಬರು ಕೇಳಿದರು. ರಕ್ತಸಂಬಂಧವಿಲ್ಲದವರನ್ನು ಪೂರ್ವಜರೆನ್ನುವುದು ಬರಿಯ ಅಲಂಕಾರವೆಂದರು. ಬಸವಣ್ಣನವರ ಪರಂಪರೆಯವರು ಕೇಳಬಾರದ ಪ್ರಶ್ನೆಯಿದು. ಬ್ರಾಹ್ಮಣ್ಯದ ಮನೆಯಲ್ಲಿ ಹುಟ್ಟಿದ ಅಣ್ಣನವರು ತಮ್ಮ ವಂಶವನ್ನು ಹೇಳಿಕೊಂಡದ್ದು ಹೇಗೆ? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರನ್ನು ತಂದೆ, ಬಂಧುಗಳೆಂದು ಕರೆದು, ತಮ್ಮ ಹುಟ್ಟನ್ನೇ ಹೊಸದಾಗಿ ಬರೆದುಕೊಂಡರು. ರಕ್ತ ಕೊಟ್ಟ ಕುಲವನ್ನು ಕಳೆದು ಭಕ್ತಿ ಕೊಟ್ಟ ಕುಲವನ್ನು ಪಡೆದರು. ಅದಕ್ಕೆ ಅವರು ತೆತ್ತ ಬೆಲೆ ಕಲ್ಯಾಣದ ಬೀದಿಗಳಿಗೆ ಗೊತ್ತು. ಒಂದು ಮುದ್ರಿಕೆಯ ಹೆಸರನ್ನು ಅದಕ್ಕೆ ಸರಿದೂಗಿಸುವುದು ಅತಿಶಯೋಕ್ತಿಯಾದೀತು, ನಾನು ಹಾಗೆ ಮಾಡುವುದಿಲ್ಲ. ಆದರೂ ಬೇಕೆಂದೇ ಆರಿಸಿಕೊಂಡ ಪೂರ್ವಜರು ಸುಳ್ಳು ಪೂರ್ವಜರಲ್ಲ ಎಂಬುದನ್ನು ನಾವಾದರೂ ತಿಳಿದಿರಬೇಕು.

ಈಗ ಆ ಯುವಕನ ಪ್ರಶ್ನೆ. ಮುದ್ರಿಕೆಯ ಹತ್ತನೆಯ ಹಾಗೂ ಕೊನೆಯ ಹಾಡಿಗೆ ಹೊದಿಕೆಯ ಮೇಲೆ ಅಚ್ಚಾಗಿರುವ ಹೆಸರು 'ಓಂ ನಮಃ ಶಿವ'. ನನ್ನ ಕಣ್ಣು ಅಲ್ಲಿಯೇ ನಿಂತಿತು. ನಮ್ಮ ಪಂಚಾಕ್ಷರಿಯಲ್ಲಿ ಐದು ಅಕ್ಷರಗಳು. ಓಂಕಾರ ಕೂಡಿದರೆ ಷಡಕ್ಷರಿ. ಮುದ್ರಿತ ಹೆಸರಿನಲ್ಲಿ ಕೊನೆಯ 'ಯ' ಇಲ್ಲ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ 'ಶಿವಾಯ' ಎಂಬ ಚತುರ್ಥಿ ಕಳೆದುಹೋಗಿ, ನಮಸ್ಕಾರ ಯಾರಿಗೆ ಸಲ್ಲಬೇಕೆಂಬುದೇ ತೂಗಾಡುತ್ತದೆ. ಪರದೇಶದ ಮುದ್ರಣದಲ್ಲಿ ಇಂತಹದು ಸಹಜ, ಸಣ್ಣ ಸಂಗತಿ ಎಂದು ಬಿಡಬಹುದಿತ್ತು. ಆದರೆ ಷಟ್‌ಸ್ಥಲದ ಬೆಳಕಿನಲ್ಲಿ ನೋಡಿದಾಗ ಕಳೆದುಹೋದ ಅಕ್ಷರ ಯಾವುದೆಂಬುದು ನನ್ನನ್ನು ಬೆರಗುಗೊಳಿಸಿತು. ಚೆನ್ನಬಸವಣ್ಣನವರು ವಿವರಿಸಿದ ಕ್ರಮದಲ್ಲಿ ನಕಾರವು ಭಕ್ತಸ್ಥಲಕ್ಕೆ, ಮಕಾರವು ಮಹೇಶಸ್ಥಲಕ್ಕೆ, ಶಿಕಾರವು ಪ್ರಸಾದಿಗೆ, ವಾಕಾರವು ಪ್ರಾಣಲಿಂಗಿಗೆ ಸಲ್ಲುತ್ತದೆ. ಯಕಾರವು ಶರಣಸ್ಥಲಕ್ಕೆ. ಶರಣಸ್ಥಲದ ಭೂತ ಆಕಾಶ; ಅಲ್ಲಿನ ಲಿಂಗ ಪ್ರಸಾದಲಿಂಗ; ಇಂದ್ರಿಯ ಕಿವಿ; ಅರ್ಪಿತವಾಗುವ ಪದಾರ್ಥ ಶಬ್ದ. ಮೂಗಿನ ಗಂಧ ಆಚಾರಲಿಂಗಕ್ಕೆ, ನಾಲಿಗೆಯ ರುಚಿ ಗುರುಲಿಂಗಕ್ಕೆ ಸಲ್ಲುವಂತೆ ಕಿವಿಯ ಶಬ್ದ ಪ್ರಸಾದಲಿಂಗಕ್ಕೆ ಸಲ್ಲಬೇಕು. ದನಿಗಾಗಿಯೇ ಮೀಸಲಾದ ಒಂದು ಮುದ್ರಿಕೆಯ ಹೊದಿಕೆಯಿಂದ ಬಿಟ್ಟುಹೋದದ್ದು ದನಿಯ ಅಕ್ಷರ, ಕಿವಿಯ ಅಕ್ಷರ!

ಇದು ಕಾಕತಾಳೀಯ. ಇದರಲ್ಲಿ ಯಾವ ಸಂಕೇತವನ್ನೂ ನಾನು ಹುಡುಕುತ್ತಿಲ್ಲ. ಆದರೆ ನನ್ನ ಉತ್ತರಕ್ಕೆ ಇಲ್ಲಿಂದಲೇ ದಾರಿ ದೊರೆಯಿತು.

ನಮ್ಮಲ್ಲಿ ಮಂತ್ರವು ಎಲ್ಲಿಂದ ಬರುತ್ತದೆ? ಲಿಂಗದೀಕ್ಷೆಯ ದಿನ ಗುರುವು ಶಿಷ್ಯನ ಬಲಗಿವಿಯಲ್ಲಿ ನುಡಿದು ಕೊಡುತ್ತಾನೆ. ಇಷ್ಟಲಿಂಗವು ಕರಸ್ಥಲಕ್ಕೆ ಬಂದರೆ ಮಂತ್ರವು ಕರ್ಣಸ್ಥಲಕ್ಕೆ ಬರುತ್ತದೆ. ಆ ದನಿ ಸುಶ್ರಾವ್ಯವಾಗಿರಬೇಕೆಂದೇನೂ ಇಲ್ಲ. ನನಗೆ ದೀಕ್ಷೆಯಿತ್ತ ಪೂಜ್ಯರ ಕಂಠ ಆಗಲೇ ಕೆಮ್ಮಿನಿಂದ ಒಡೆದಿತ್ತು. ಐದು ಅಕ್ಷರಗಳ ನಡುವೆ ಎರಡು ಬಾರಿ ಉಸಿರೆಳೆದುಕೊಂಡದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಪೂಜೆಗೆ ಕುಳಿತಾಗ ಆ ಒಡಕು ದನಿಯೇ ಮೇಲೆದ್ದು ಬರಬೇಕು. ಅದರ ಜಾಗದಲ್ಲಿ ಇನ್ನೊಬ್ಬರ ಸುಂದರವಾದ ದನಿಯನ್ನು ಯಂತ್ರದಿಂದ ಹರಿಸಿದರೆ, ಮನಸ್ಸು ನಿಲ್ಲುವುದೇನೋ ನಿಜ. ನಿಲ್ಲುವುದು ಆ ದನಿಯ ಮೇಲೆ. ಲಿಂಗದ ಮೇಲಿನ ದೃಷ್ಟಿ ಕಿವಿಗೆ ಸೋತಿರುತ್ತದೆ. ಆದ್ದರಿಂದ ಮಗನೇ, ಪೂಜೆಯ ವೇಳೆಯಲ್ಲಿ ಅದು ಬೇಡ. ಅದರಲ್ಲಿ ಪಾಪವೇನಿಲ್ಲ, ಶಿವನಾಮ ಯಾರ ಬಾಯಲ್ಲಿ ಬಂದರೂ ಶಿವನಾಮವೇ. ಆದರೆ ಅನುಸಂಧಾನಕ್ಕೆ ಎರಡು ದನಿ ಕೂಡದು. ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನವಿರಲಿ, ಗದುಗಿನ ಗವಾಯಿಗಳ ಶಿಷ್ಯರು ಹಾಡಿದ್ದಿರಲಿ, ಆ ಹೊತ್ತಿಗೆ ಇದೇ ಮಾತು.

ಪೂಜೆಯ ಹೊರಗೆ? ಧಾರಾಳವಾಗಿ ಕೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಪ್ರಸಾದವೆಂದು ಕೇಳಬೇಕು. ಬಂದ ಪದಾರ್ಥವನ್ನು ಮೊದಲು ಅರ್ಪಿಸಿ ಆಮೇಲೆ ಸ್ವೀಕರಿಸುವವನು ಪ್ರಸಾದಿ. ಊಟದ ವಿಷಯದಲ್ಲಿ ನಾವು ಇದನ್ನು ಒಪ್ಪುತ್ತೇವೆ, ತಾಟಿನ ಮುಂದೆ ಕೈಮುಗಿಯುತ್ತೇವೆ. ಕಿವಿಯ ವಿಷಯದಲ್ಲಿ ಮರೆತಿದ್ದೇವೆ. ಅರ್ಪಿಸುವುದೆಂದರೆ ಕೊನೆಯಪಕ್ಷ, ಹಿಡಿಯಷ್ಟು ಹೊತ್ತಾದರೂ ಬೇರೆ ಕೆಲಸವನ್ನು ಬಿಟ್ಟು, ಆ ದನಿಗೆ ಪೂರ್ಣ ಎಡೆ ಕೊಡುವುದು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮಾತಿನ ಹಿನ್ನೆಲೆಯಲ್ಲಿ ಹರಿಯುವ ಹಾಡು ಎಂಜಲಾಗದೆ ಇರುವುದಿಲ್ಲ, ಅದು ವಚನವೇ ಆದರೂ.

ಇಲ್ಲಿ ನಮ್ಮ ಮಠಗಳ ವಚನಗಾಯನದ ಬಗ್ಗೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ, ಯಾರೂ ಬೇಸರಿಸಬಾರದು. ಸಾಮೂಹಿಕ ಪ್ರಾರ್ಥನೆಯಲ್ಲಿ ಈಗ ಏನು ನಡೆಯುತ್ತಿದೆ? ಕೀಬೋರ್ಡು, ತಬಲ, ರಿದಂ ಪ್ಯಾಡು, ಪ್ರತಿಧ್ವನಿ ಹೆಚ್ಚಿಸಿದ ಧ್ವನಿವರ್ಧಕ. ವಚನದ ಮೊದಲ ಸಾಲನ್ನು ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಅಂಕಿತದ ಹೊತ್ತಿಗೆ ಗಾಯಕರಿಗೇ ಉಸಿರಿರುವುದಿಲ್ಲ. ವಚನವೆಂದರೆ ನುಡಿ, ಕೊಟ್ಟ ಮಾತು. ತಾಳ, ಛಂದಸ್ಸುಗಳ ಲೆಕ್ಕ ತಮಗೆ ತಿಳಿಯದೆಂದೂ ಒಲಿದಂತೆ ಹಾಡುವೆನೆಂದೂ ಬಸವಣ್ಣನವರು ಹೇಳಿಕೊಂಡದ್ದನ್ನು ಹಾಡುವಾಗಲೇ ನಾವು ತಾಳವಾದ್ಯಗಳಿಂದ ಆ ಮಾತನ್ನು ಮುಚ್ಚಿಬಿಡುತ್ತೇವೆ. ತಮ್ಮ ದೇಹವನ್ನೇ ವೀಣೆಯ ದಂಡಿಯಾಗಿಸಿ ನುಡಿಸಿಕೊಳ್ಳಲು ಕೂಡಲಸಂಗಮನಿಗೆ ಒಪ್ಪಿಸಿದವರು ಅವರು. ಸಾವಿರಾರು ಮೈಲಿಗಳ ದೂರದಲ್ಲಿ, ನಮ್ಮ ವಚನಗಳ ಹಂಗಿಲ್ಲದೆ, ಒಬ್ಬ ಹೆಣ್ಣುಮಗಳು ದೇಹವೊಂದನ್ನೇ ವಾದ್ಯ ಮಾಡಿಕೊಂಡು ಒಂದು ಮುದ್ರಿಕೆಯನ್ನೇ ಕಟ್ಟಿದ್ದಾರೆ. ನಾವು ವಾದ್ಯಗಳನ್ನು ಬಾಡಿಗೆಗೆ ತರುತ್ತಿದ್ದೇವೆ.

ತಂಬೂರಿಯನ್ನಾದರೂ ಗಮನಿಸೋಣ. ತಂತಿ ಒಟ್ಟಾಗಿ ಅಲುಗುವಾಗಲೇ ಅರ್ಧವಾಗಿ, ಮೂರರಲ್ಲಿ ಒಂದಾಗಿ, ಐದರಲ್ಲಿ ಒಂದಾಗಿಯೂ ಅಲುಗುತ್ತದೆ. ಕುದುರೆಯ ಮೇಲಿನ ಜೀವಾಳಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಆ ಒಳದನಿಗಳು ತೆರೆದುಕೊಳ್ಳುತ್ತವೆ; ಯಾರೂ ಮೀಟದ ಗಾಂಧಾರವು ತಾನಾಗಿ ಕೇಳಿಸುತ್ತದೆ. ಶೀಲಾ ಚಂದ್ರಾ ಅವರು 1996ರ ತಮ್ಮ ಮುದ್ರಿಕೆಯಾದ 'ಎಬೋನ್‌ಕ್ರೋನ್‌ಡ್ರೋನ್'ನಲ್ಲಿ ಇದನ್ನೇ ಮುಖ್ಯವಾಗಿಸಿದರು. ಅಲ್ಲಿನ ಆರು ಭಾಗಗಳಿಗೆ ಬೇರೆ ಹೆಸರಿಲ್ಲ, ಒಂದರಿಂದ ಆರರವರೆಗೆ ಅಂಕಿಗಳು ಮಾತ್ರ. ಗಾಯಕಿ ಹಿಂದೆ ಸರಿಯುತ್ತಾರೆ, ಶ್ರುತಿ ಮುಂದೆ ಬರುತ್ತದೆ. ಮೊದಲ ಸಲ ನನಗೆ ಬೇಸರವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ನಾಲ್ಕನೆಯ ಸಲ, ಯಾರೂ ಹಾಡದ ಸ್ವರಗಳು ಕೇಳಿಸತೊಡಗಿದವು. ಕೆಲವರು ಇಂತಹ ಅನುಭವವನ್ನು 'ಬಯಲು' ಎಂದು ಕರೆಯುವ ಆತುರದಲ್ಲಿರುತ್ತಾರೆ. ಬೇಡ. ಪ್ರಭುದೇವರು ಜೀವಮಾನವನ್ನು ಸವೆಸಿ ಗಳಿಸಿದ ಪದವದು. ಸಂಜೆಯ ಸಂಗೀತಶ್ರವಣಕ್ಕೆ ಅದನ್ನು ಅಗ್ಗವಾಗಿ ಕೊಡಬಾರದು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸಬೇಕು. ಇದನ್ನು ಹೇಳಲಿಕ್ಕಾಗಿಯೇ ಬರೆಯಲು ಕುಳಿತೆನೋ ಏನೋ.

2009-10ರ ಸುಮಾರಿಗೆ ಶೀಲಾ ಚಂದ್ರಾ ಅವರಿಗೆ ಬಾಯಿಯುರಿಯ ನರಸಂಬಂಧಿ ವ್ಯಾಧಿಯೊಂದು ತಗಲಿತು. ಹಾಡಿದರೆ, ಮಾತನಾಡಿದರೆ, ಅತ್ತರೂ ಸಹ ತೀವ್ರ ಯಾತನೆ. ಹಾಡುವುದು ನಿಂತಿತು, ಮಾತೂ ಬಹುಮಟ್ಟಿಗೆ ನಿಂತಿತು. ಅವರು ಬರವಣಿಗೆಯ ಕಡೆಗೆ ತಿರುಗಿ, ಮನೆಯನ್ನೂ ಕೆಲಸವನ್ನೂ ಓರಣವಾಗಿಟ್ಟುಕೊಳ್ಳುವ ಬಗ್ಗೆ ಪುಸ್ತಕಗಳನ್ನು ಬರೆದರು; ಮೊದಲನೆಯದು 2010ರಲ್ಲಿ ಬಂದಿತು, ಕಲಾವಿದರಿಗಾಗಿ ಬರೆದ ಇನ್ನೊಂದು 2017ರಲ್ಲಿ. ದನಿಯೊಂದನ್ನೇ ನಂಬಿ, ಮಿಕ್ಕೆಲ್ಲ ವಾದ್ಯಗಳನ್ನು ಬಿಟ್ಟವರಿಗೆ ಆ ದನಿಯೇ ಬೆಂಕಿಯಾಯಿತು.

ಇದನ್ನು ಓದಿದ ದಿನ, ನಮ್ಮ ಪ್ರಾರ್ಥನಾಮಂದಿರದ ಎಡಗಂಬದ ಬಳಿ ಪ್ರತಿ ಸೋಮವಾರ ಕುಳಿತುಕೊಳ್ಳುವ ತಾಯಿಯೊಬ್ಬರು ಕಣ್ಣಮುಂದೆ ಬಂದರು. ಹೆಸರು ಬೇಡ, ತಮ್ಮಲ್ಲಿ ಹಲವರು ಬಲ್ಲಿರಿ. ಇಪ್ಪತ್ತು ವರ್ಷ ನಮ್ಮ ಪ್ರಾರ್ಥನೆಯ ಮುಂದಾಳುದನಿ ಅವರದಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಪಿಸುಮಾತು ಮಾತ್ರ ಉಳಿದಿದೆ. ಅವರನ್ನು ಕಂಡಾಗ ನಮ್ಮಲ್ಲಿ ಕೆಲವರು, ನಾನೂ ಸೇರಿ, "ಮೌನವೇ ದೊಡ್ಡ ಪೂಜೆ ತಾಯಿ, ಪ್ರಭುದೇವರೇ ಹೇಳಿದ್ದಾರೆ" ಎಂದು ಸಮಾಧಾನ ಹೇಳಿದ್ದುಂಟು. ಒಮ್ಮೆ ಅವರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು: "ಇದು ನಾನು ಹಿಡಿದ ಮೌನ ಅಲ್ಲ, ನನಗೆ ಹಾಡಬೇಕು ಅನಸ್ತದ."

ಆ ಚೀಟಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಮಾತನ್ನು ದಾಟಿಹೋದವರ ಮೌನ ಬೇರೆ, ಮಾತನ್ನು ಕಳೆದುಕೊಂಡವರ ಮೌನ ಬೇರೆ. ಎರಡನೆಯದಕ್ಕೆ ಮೊದಲನೆಯದರ ಹೊದಿಕೆ ಹೊದಿಸುವುದು, ನೋವಿನಲ್ಲಿರುವವರಿಂದ ಅವರ ದುಃಖವನ್ನೂ ಕಸಿದುಕೊಂಡಂತೆ. ಶೀಲಾ ಚಂದ್ರಾ ಅವರ ಕಥೆಯನ್ನು ಹೇಳುವವರೂ, ಶ್ರುತಿಯನ್ನು ಧ್ಯಾನಿಸಿದವರು ಕೊನೆಗೆ ಮೌನಕ್ಕೆ ಸಂದರು ಎಂದು ಚೆಲುವಾಗಿ ಮುಗಿಸಲು ಹವಣಿಸಬಹುದು. ನಾವು ಆ ತಪ್ಪನ್ನು ಮಾಡಬಾರದು. ಅದು ವ್ಯಾಧಿ, ಸಿದ್ಧಿಯಲ್ಲ.

ಆದರೆ ಒಂದನ್ನು ಮಾಡಬಹುದಿತ್ತು, ಅದನ್ನು ನಾವು ಮಾಡಿದೆವು. ಕಾರ್ತಿಕದ ಎರಡನೆಯ ಸೋಮವಾರದಿಂದ ಪ್ರಾರ್ಥನೆಯ ಆರಂಭದಲ್ಲಿ ಏಳು ನಿಮಿಷ ಬರಿಯ ತಂಬೂರಿಯನ್ನು ನುಡಿಸುತ್ತಿದ್ದೇವೆ. ಕೀಬೋರ್ಡು ಇಲ್ಲ, ಧ್ವನಿವರ್ಧಕ ಆರಿರುತ್ತದೆ. ಆಮೇಲೆ ಒಬ್ಬರು ಒಂದು ವಚನವನ್ನು ಅಂಕಿತದವರೆಗೆ ಮಾತಾಗಿ ಓದುತ್ತಾರೆ. ಹಾಡುವುದು ಅನಂತರ. ತಂಬೂರಿಯನ್ನು ನುಡಿಸುವವರು ಎಡಗಂಬದ ಬಳಿಯ ಆ ತಾಯಿ. ಮೊದಲ ವಾರ ಜೀವಾಳಿ ಸರಿಯಾಗಿ ಕೂತಿರಲಿಲ್ಲ. ದಾರವನ್ನು ಹಿಂದೆ ಮುಂದೆ ಸರಿಸುತ್ತ ಅವರು ಬಹಳ ಹೊತ್ತು ಬಗ್ಗಿ ಕುಳಿತಿದ್ದರು, ಮಕ್ಕಳು ಗುಸುಗುಸು ಎನ್ನುತ್ತಿದ್ದರು. ಆಮೇಲೆ ಗಾಂಧಾರ ಕೇಳಿಸಿತು.

ಸಿ.ಡಿ.ಯನ್ನು ಆ ಯುವಕನಿಗೆ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಹೊದಿಕೆಯ ಒಳಗೆ ಒಂದು ತುಂಡು ಕಾಗದದ ಮೇಲೆ 'ಯ' ಎಂದು ಬರೆದು ಇಟ್ಟಿದ್ದೇನೆ.